ಹೊಲಿದು ಮುಚ್ಚಿದ ಜೇಬು

"ಈ ಜೇಬನ್ನ ಹೊಲಿದು ಮುಚ್ಚಿದವಳು ನಾನು," ಎಂದಳು ಅತ್ತೆ. "ಈಗ ನೋಡು, ಬಾಯಿ ಬಿಟ್ಕೊಂಡಿದೆ. ಯಾರು ಬಿಚ್ಚಿದ್ದು?"

ಹೊಲಿಗೆ ಯಂತ್ರದ ಹಲಗೆಯ ಮೇಲೆ ಬೂದು ಬಣ್ಣದ ಸಮವಸ್ತ್ರದ ಅಂಗಿ ಅಂಗಾತ ಬಿದ್ದಿತ್ತು. ಆಸ್ಪತ್ರೆಯವರು ಪ್ಲಾಸ್ಟಿಕ್ ಚೀಲಕ್ಕೆ ತುರುಕಿ ಕೊಟ್ಟಿದ್ದರು. ಅದರ ಮಡಿಕೆಗಳು ಇನ್ನೂ ಬಿಟ್ಟಿರಲಿಲ್ಲ. ಗಡಿಯಾರದಕ್ಕ ಕನ್ನಡಕವನ್ನು ಹಣೆಯಿಂದ ಮೂಗಿಗೆ ಇಳಿಸಿ ಬಗ್ಗಿದಳು.

ಅತ್ತೆಯ ಗಂಡ ಟೇಪು ಮಾವ ಸತ್ತು ಇದು ಮೂರನೆಯ ದಿನ. ದೊಡ್ಡ ಅಂಗಡಿಯೊಂದರ ಗೋದಾಮಿನಲ್ಲಿ ಪೆಟ್ಟಿಗೆಗಳಿಗೆ ಟೇಪು ಸುತ್ತುತ್ತಿದ್ದ ಮನುಷ್ಯ, ಎದೆಯಲ್ಲಿ ಪೇಸ್‌ಮೇಕರ್ ಹಾಕಿಸಿಕೊಂಡವನು, ಪಾಳಿ ಮುಗಿಸಿ ಹೊರಡುವಾಗ ಬಾಗಿಲ ತಪಾಸಣೆಯ ಕೋಣೆಯಲ್ಲಿ ಕುಸಿದ. ಕಂಪನಿಯ ಮಾತು ಇಷ್ಟೇ: ಗೋದಾಮಿನಿಂದ ಒಂದು ಪುಟ್ಟ ರೇಡಿಯೋ ಕದ್ದ, ಎಡಜೇಬಿಗೆ ಇಳಿಬಿಟ್ಟ, ರೇಡಿಯೋ ಅವನ ಎದೆಯ ಯಂತ್ರವನ್ನು ನಿಲ್ಲಿಸಿತು.

ಎಂಥ ಅಚ್ಚುಕಟ್ಟಾದ ಕಥೆ. ಸತ್ತವನೇ ಕಳ್ಳ, ಸತ್ತವನೇ ಕೊಲೆಗಾರ. ಬದುಕಿರುವವರು ಕೈ ತೊಳೆಯುವ ಕೆಲಸವೂ ಇಲ್ಲ.

ಆ ಕಥೆಯನ್ನು ಕೇಳಿದವರೆಲ್ಲ ನಂಬಿ ತಲೆಯಾಡಿಸಿದ್ದರು. ಅದೇ ಗಡಿಯಾರದಕ್ಕನ ಮೈಯುರಿಸಿದ್ದು. ಅವಳ ಎದೆಯಲ್ಲೂ ಅಂಥದೇ ಯಂತ್ರ. ಹೃದಯ ಸೋಮಾರಿತನ ಮಾಡಿದಾಗೆಲ್ಲ ಒಳಗಿನಿಂದ ಒಂದು ಸಣ್ಣ ಏಟು ಕೊಟ್ಟು ಎಬ್ಬಿಸುವ ಯಂತ್ರ. ಅದಕ್ಕೇ ಗೆಳತಿಯರು ಗಡಿಯಾರದಕ್ಕ ಎಂದು ಹೆಸರಿಟ್ಟಿದ್ದರು. ಒಂದು ಕಾಲಕ್ಕೆ ವಿಮೆ ಕಂಪನಿಯಲ್ಲಿ ಸಾವುಗಳ ತನಿಖೆ ಮಾಡುತ್ತಿದ್ದಳು. ಸತ್ತವರದೇ ತಪ್ಪು ಹುಡುಕಿ ತೋರಿಸುವುದನ್ನು ಅಲ್ಲಿ ಜಾಣತನ ಎನ್ನುತ್ತಿದ್ದರು. ಅದು ಅರ್ಥವಾದ ದಿನ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ಬಂದವಳು, ಈಗ ಕಾರ್ಮಿಕ ಸಂಘಗಳ ಪರವಾಗಿ ಅದೇ ಕೆಲಸವನ್ನು ತಲೆಕೆಳಗು ಮಾಡಿ ಮಾಡುತ್ತಿದ್ದಳು.

ಅಂಗಿಗೆ ಇದ್ದದ್ದು ಒಂದೇ ಜೇಬು, ಎಡಕ್ಕೆ. ಅದರ ಬಾಯಿಯುದ್ದಕ್ಕೂ ಸೂಜಿಯ ತೂತುಗಳು ಇರುವೆ ಸಾಲಿನಂತೆ ಹೋಗಿದ್ದವು. ತೂತುಗಳಲ್ಲಿ ಕಪ್ಪು ದಾರದ ಮೋಟು ತುದಿಗಳು ಇನ್ನೂ ಕಚ್ಚಿಕೊಂಡಿದ್ದವು. ಎಳೆದು ಹರಿದಿದ್ದರೆ ದಾರ ನಾರುನಾರಾಗಿ ಉದ್ದುದ್ದ ಬರುತ್ತಿತ್ತು, ಬಟ್ಟೆ ಸುಕ್ಕುಗಟ್ಟುತ್ತಿತ್ತು. ಇಲ್ಲಿ ತುದಿಗಳೆಲ್ಲ ಒಂದೇ ಅಳತೆ. ಒಂದು ಕಡೆ ಬಟ್ಟೆಗೂ ಗೀರು ಬಿದ್ದಿತ್ತು. ಹರಿತವಾದದ್ದೇನನ್ನೋ ಹಿಡಿದಿದ್ದ ಕೈ ನಡುಗಿತ್ತು.

"ಬ್ಲೇಡು," ಎಂದಳು ಗಡಿಯಾರದಕ್ಕ.

ಅತ್ತೆ ಅಳಲಿಲ್ಲ. ಅತ್ತು ಮುಗಿಸಿದ್ದಳು. ಗೋದಾಮಿನ ಜನಕ್ಕೆಲ್ಲ ಗಂಡ ಮಾವನಾದ್ದರಿಂದ ತಾನು ಅತ್ತೆಯಾದವಳು. ಕಳ್ಳನ ಹೆಂಡತಿಯಾಗಲು ಮಾತ್ರ ಅವಳು ತಯಾರಿರಲಿಲ್ಲ. ನಿನ್ನೆ, ಅಲ್ಲೇ ದುಡಿಯುವ ಮಗಳನ್ನು ಗೋದಾಮಿನ ಬಾಗಿಲಲ್ಲೇ ತಡೆದು, ಕಳ್ಳನ ಮಗಳಿಗೆ ಇಲ್ಲಿ ಕೆಲಸವಿಲ್ಲ ಎಂದು ಎಲ್ಲರೆದುರು ಹೇಳಿ ಕಳಿಸಿದ್ದರು. ಆ ಹುಡುಗಿ ಬಂದವಳೇ ಒಳಕೋಣೆಯಲ್ಲಿ ಗೋಡೆಗೆ ಮುಖಮಾಡಿ ಮಲಗಿದವಳು ಇನ್ನೂ ಎದ್ದಿರಲಿಲ್ಲ.

ಜೇಬು ಹೊಲಿದದ್ದೇಕೆಂದು ಗಡಿಯಾರದಕ್ಕ ಕೇಳುವ ಅಗತ್ಯವಿರಲಿಲ್ಲ, ಆದರೂ ಕೇಳಿದಳು. ಅತ್ತೆ ಹೇಳುತ್ತ ಹೋದಳು. ಯಂತ್ರ ಹಾಕಿದ ಡಾಕ್ಟರು, ಮೊಬೈಲನ್ನು ಎಡಜೇಬಿನಲ್ಲಿ ಇಡಬೇಡಿ, ಬಲಕಿವಿಗೆ ಹಿಡಿದು ಮಾತಾಡಿ ಅಂದಿದ್ದರು. ಇವರು ಹೂಂ ಅಂದು ಮನೆಗೆ ಬಂದವರೇ ಎಡಜೇಬಿಗೆ ಮೊಬೈಲು ಇಳಿಬಿಟ್ಟರು. ಹೇಳಿದರೆ ತೆಗೆಯುವರು, ತಿರುಗಿದರೆ ಮತ್ತೆ ಅಲ್ಲೇ.

"ಬಾಯಿಗೆ ಬುದ್ಧಿ ಹೇಳಬಹುದು ತಾಯಿ, ಕೈಗೆ ಹೇಳೋಕಾಗುತ್ತಾ? ಅದಕ್ಕೇ ಇದ್ದ ಅಂಗಿಗಳ ಜೇಬನ್ನೆಲ್ಲ ಹೊಲಿದುಬಿಟ್ಟೆ. ನನ್ನ ಗಂಡನ ಕೈ ಅಲ್ಲಿಗೆ ಹೋಗಿ ಪೆಚ್ಚಾಗಿ ವಾಪಸ್ ಬರ್ತಿತ್ತು."

ಗೋಡೆಯ ಗೂಟಕ್ಕೆ ತೂಗಿದ್ದ ಬೇರೆ ಅಂಗಿಗಳನ್ನು ಗಡಿಯಾರದಕ್ಕ ಒಂದೊಂದಾಗಿ ಮುಟ್ಟಿ ನೋಡಿದಳು. ಎಲ್ಲ ಜೇಬುಗಳ ಬಾಯಿಯೂ ಬಿಗಿ.

ಆಚೆ ಗೋಡೆಯ ಕಪಾಟಿನ ಮೇಲೆ ಮಾವನದೇ ಹಳೆಯ ರೇಡಿಯೋ ಇತ್ತು. ಅದನ್ನು ಹೊರಗೆಸೆಯಿರಿ ಎಂದು ನಾದಿನಿ ಹಟ ಹಿಡಿದಿದ್ದಳಂತೆ. ಮಿಕ್ಸಿ ತಿರುಗಿದರೆ ಅಣ್ಣನನ್ನು ಅಂಗಳಕ್ಕೆ ಅಟ್ಟುವಳು. ಫ್ರಿಜ್ಜಿನ ಬಾಗಿಲು ತೆರೆಯಲೂ ಬಿಡಳು. ಕೆಳಮನೆಯವರು ಟಿವಿ ರಿಮೋಟನ್ನು ಅವನ ಕಡೆ ತಿರುಗಿಸಲು ಹೆದರುತ್ತಿದ್ದರು, ಒತ್ತಿದರೆ ಮನುಷ್ಯನೇ ಆರಿಹೋಗುವನೋ ಎಂಬಂತೆ. ಮಾವ ಡಾಕ್ಟರ ಬಳಿ ಹೋಗಿ ಖಾತ್ರಿ ಮಾಡಿಕೊಂಡು ಬಂದ. ಮಿಕ್ಸಿ, ಟಿವಿ, ರೇಡಿಯೋ ಯಾವುದೂ ಏನೂ ಮಾಡದು. ರೇಡಿಯೋದ ಸ್ಪೀಕರಿನಲ್ಲಿ ಅಯಸ್ಕಾಂತ ಇರುತ್ತದೆ, ಎದೆಯ ಮೇಲೆ ಇಟ್ಟುಕೊಂಡು ಮಲಗಬೇಡಿ, ಅಷ್ಟೇ. ಅಂದಿನಿಂದ ರೇಡಿಯೋ ಆಚೆ ಗೋಡೆಗೆ, ಮಾವನ ಮಂಚ ಈಚೆ ಗೋಡೆಗೆ. ದಿನಾ ಸಂಜೆ ಹಾಡು.

ಇಷ್ಟು ಎಚ್ಚರದ ಮನುಷ್ಯನ ತಲೆಗೆ ಕಟ್ಟಿದ್ದರು ಆ ಕಥೆಯನ್ನು. ನಾದಿನಿಯ ಭಯವನ್ನೂ ಕೆಳಮನೆಯವರ ಭಯವನ್ನೂ ಕಂಪನಿ ಬಿಟ್ಟಿ ಸಾಕ್ಷಿಯಾಗಿ ಬಳಸಿಕೊಂಡಿತ್ತು. ಜನ ನಂಬುವುದೆಂದು ಗೊತ್ತಿತ್ತು, ನಂಬಿದ್ದರು ಕೂಡ. ಪೊಲೀಸರು ಸಹಜ ಸಾವು ಎಂದು ಹೇಳಿ, ಗೋದಾಮಿನ ಆ ರೇಡಿಯೋವನ್ನು ಕೈಯಲ್ಲಿ ಮುಟ್ಟಲೂ ಇಲ್ಲ.

"ಮಾವನ ಯಂತ್ರ ಎಲ್ಲಿ ಅತ್ತೆ?"

ದಹನಕ್ಕೆ ಮೊದಲು ಆಸ್ಪತ್ರೆಯಲ್ಲಿ ಎದೆಯಿಂದ ತೆಗೆದಿಟ್ಟಿದ್ದಾರೆ, ಬೆಂಕಿಗೆ ಬಿದ್ದರೆ ಬ್ಯಾಟರಿ ಸಿಡಿಯುತ್ತದಂತೆ, ಎಂದಳು ಅತ್ತೆ. ತರಲು ಗೋದಾಮಿನ ಕಾರ್ಮಿಕ ಸಂಘದ ಕಾರ್ಯದರ್ಶಿಯೇ ಹೋಗಿದ್ದಾನೆ, ಪಾಪ, ಅವನೇ ಎಲ್ಲದಕ್ಕೂ ಓಡಾಡುತ್ತಿದ್ದಾನೆ.

ಗಡಿಯಾರದಕ್ಕನಿಗೆ ಬೇಕಾದದ್ದು ಅದೇ. ಕೊನೆಯ ಹೊತ್ತಿನಲ್ಲಿ ಹೃದಯ ಹೇಗೆ ನಡೆಯಿತು, ಎಲ್ಲಿ ಎಡವಿತು ಎಂಬುದು ಆ ಯಂತ್ರದೊಳಗೆ ಉಳಿದಿರುತ್ತದೆ. ಆಸ್ಪತ್ರೆಯ ತಂತ್ರಜ್ಞರು ಅದನ್ನು ಓದಬಲ್ಲರು. ಮಾವ ಆಡಲಾಗದ ಮಾತನ್ನು ಅದು ಆಡೀತು.

ಅವಳು ಅಂಗಿಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಎದ್ದಳು. ಅತ್ತೆ ಅವಳ ಕೈ ಹಿಡಿದಳು.

"ನನಗೆ ಅವರೇನೂ ಕೊಡೋದು ಬೇಡ. ಇವರ ಮೇಲಿರೋ ಕಳ್ಳ ಅನ್ನೋ ಮಾತನ್ನ ವಾಪಸ್ ತಗೊಳ್ಳಲಿ. ನನ್ನ ಮಗಳು ಆ ಬಾಗಿಲಲ್ಲಿ ತಲೆಯೆತ್ತಿ ಒಳಗೆ ಹೋಗಬೇಕು."

ಬೀದಿಗಿಳಿಯುವಷ್ಟರಲ್ಲಿ ಮೊಬೈಲು ಹೊಡೆದುಕೊಂಡಿತು. ಗಡಿಯಾರದಕ್ಕ ಚೀಲದಿಂದ ತೆಗೆದು ಬಲಕಿವಿಗೆ ಹಿಡಿದಳು. ಕಾರ್ಯದರ್ಶಿ. ಕಾರ್ಮಿಕರ ಒತ್ತಾಯಕ್ಕೆ ಅವಳನ್ನು ತನಿಖೆಗೆ ಕರೆಸಿದವನು ಅವನೇ. ಆಸ್ಪತ್ರೆಯ ದಾರಿಯಲ್ಲಿದ್ದೇನೆ ಎಂದ. ಗೋದಾಮಿಗೆ ಹೋದರೆ ತಪಾಸಣೆ ಕೋಣೆಯ ಕಂಬವನ್ನು ಚೆನ್ನಾಗಿ ನೋಡಿ, ಮಾವನನ್ನು ಕೊಂದದ್ದು ಆ ಕಂಬವೇ ಎಂದ.

"ಸೆಲ್ಲೂ ಇಲ್ಲದ ಆ ರೇಡಿಯೋ ಹಿಂದೆ ಬಿದ್ದು ಹೊತ್ತು ಹಾಳು ಮಾಡ್ಕೋಬೇಡಿ ಅಕ್ಕ. ಅವರಿಗೆ ಬೇಕಾಗಿರೋದೂ ಅದೇ."

ಮಾತು ಸರಿಯೆನಿಸಿತು. ಅವಳು ಹೂಂ ಎಂದು ಬಸ್ಸು ಹತ್ತಿದಳು.

*

ಗೋದಾಮಿನ ಬಾಗಿಲಿಗೆ ಕಳ್ಳಮಾಲು ಹಿಡಿಯುವ ಎರಡು ಬಿಳಿ ಕಂಬಗಳು. ಅವುಗಳ ನಡುವೆ ಹಾದುಹೋಗಬೇಕು. ಪೇಸ್‌ಮೇಕರ್ ಇದ್ದವರೂ ಹಾದುಹೋಗಬಹುದು, ಅಡ್ಡಿಯಿಲ್ಲ. ಆದರೆ ನಡುವೆ ನಿಲ್ಲಬಾರದು, ಕಂಬಕ್ಕೆ ಒರಗಬಾರದು. ಗಡಿಯಾರದಕ್ಕ ನಿಲ್ಲದೆ ನಡೆದುಹೋದಳು.

ಪಕ್ಕದ ತಪಾಸಣೆ ಕೋಣೆಯಲ್ಲಿ ಅಂಥದೇ ಮೂರನೆಯ ಕಂಬವಿತ್ತು, ಒಂಟಿಯಾಗಿ. ನೆತ್ತಿಯಲ್ಲಿ ಪುಟ್ಟ ಕೆಂಪು ದೀಪ ಉರಿಯುತ್ತಿತ್ತು. ಮನುಷ್ಯನ ಬೆನ್ನು ತಾಗುವ ಎತ್ತರದಲ್ಲಿ ಬಿಳಿಬಣ್ಣ ಸವೆದು ಒಳಗಿನ ಕಪ್ಪು ಕಾಣುತ್ತಿತ್ತು. ಕೆಳಗೆ ನೆಲದ ಮೇಲೆ ಎರಡು ಪಾದಗಳ ಮಾಸಲು ಗುರುತು.

ಇದಕ್ಕೆ ಒಳಗಿನವರ ಭಾಷೆಯಲ್ಲಿ ಕಂಬಕ್ಕೆ ಹಾಕುವುದು ಎನ್ನುತ್ತಿದ್ದರು. ಲೋಹ ಪತ್ತೆ ಹಚ್ಚುವ ತಪಾಸಣೆಯ ಕೋಲು ಯಾರ ಮೈಮೇಲೆ ಕಿರುಚಿತೋ ಅವರು ಆ ಕಂಬಕ್ಕೆ ಬೆನ್ನು ಕೊಟ್ಟು, ಕೈ ಹಿಂದೆ ಕಟ್ಟಿ, ಸಾಲಿನ ಕಡೆಗೆ ಮುಖ ಮಾಡಿ ನಿಲ್ಲಬೇಕು. ಪಾಳಿಯ ಕೊನೆಯವನು ಹೊರಗೆ ಹೋಗುವವರೆಗೂ ಬಿಡುಗಡೆಯಿಲ್ಲ. ಬೆಲ್ಟಿನ ಬಕ್ಕಲಿಗೆ ನಿಂತವರಿದ್ದರು, ಬಸುರಿಯೊಬ್ಬಳು ಸೊಂಟದ ಪಿನ್ನಿಗೆ ನಿಂತಿದ್ದಳು. ಕಳ್ಳತನ ಹಿಡಿಯಲು ಅದೇನೂ ಬೇಕಾಗಿರಲಿಲ್ಲ. ಸಾಲಿನಲ್ಲಿದ್ದವರ ತಲೆ ತಗ್ಗಿಸಲು ಬೇಕಾಗಿತ್ತು.

ಕ್ಯಾಪ್ಟನ್ ಬಂದ. ಗೋದಾಮಿನ ಕಾವಲಿನವರ ಮುಖ್ಯಸ್ಥ. ಸೈನ್ಯದ ಬಾಗಿಲನ್ನೂ ಕಂಡವನಲ್ಲ, ಮೀಸೆ ಮತ್ತು ಬೂಟಿನ ಬಲದಿಂದ ಕ್ಯಾಪ್ಟನ್ ಆದವನು. ಅವಳನ್ನು ಕಂಡೊಡನೆ ಸೊಂಟದ ವಾಕಿಟಾಕಿ ಕಿತ್ತು ಕೈಯನ್ನು ದೂರಕ್ಕೆ ಚಾಚಿ, ಗೋಡೆಗೆ ಅಂಟಿ ನಿಂತ.

"ದೂರಾನೇ ಇರ್ತೀನಿ ಮೇಡಂ. ನಿಮಗೂ ಅದೇ ಅಂತ ಕೇಳಿದೆ. ಇದು ಕಿರ್ ಅಂದು ನೀವು ಬಿದ್ರೆ ಅದಕ್ಕೂ ನನ್ನನ್ನೇ ಹಿಡೀತೀರಿ."

"ಬನ್ನಿ ಕ್ಯಾಪ್ಟನ್, ಹೆದರಬೇಡಿ. ಕೈಯಳತೆ ದೂರದಲ್ಲಿದ್ರೆ ನಿಮ್ಮ ವಾಕಿಟಾಕಿ ನನಗೇನೂ ಮಾಡಲ್ಲ. ಎದೆಗೆ ಒತ್ತಿ ಹಿಡಿಯೋ ಹಾಗಿಲ್ಲ, ಅಷ್ಟೇ. ಅಷ್ಟು ಹತ್ತಿರಕ್ಕೆ ನಿಮ್ಮನ್ನೂ ಬಿಡಲ್ಲ."

ಬಾಗಿಲ ಬಳಿ ತಪಾಸಣೆಯ ಕೋಲು ಹಿಡಿದು ನಿಂತಿದ್ದ ಕಾವಲಿನ ಹೆಂಗಸು ಫಕ್ಕನೆ ಬಂದ ನಗುವನ್ನು ಕೆಮ್ಮಾಗಿಸಿದಳು. ಕ್ಯಾಪ್ಟನ್ ತಿರುಗಿ ನೋಡಿದ. ಅವಳ ಮುಖ ಸಪ್ಪಗಾಯಿತು.

ಗಡಿಯಾರದಕ್ಕ ಕುರ್ಚಿ ಎಳೆದು ಕೂತಳು. ಕಂಬದಿಂದ ದೂರದ ಕುರ್ಚಿ.

"ಆ ದಿನ ಕೋಲು ಮಾವನ ಮೈಮೇಲೆ ಎಲ್ಲಿ ಕಿರುಚಿತು?"

"ಎಡ ಎದೆ ಹತ್ರ."

"ಕಿರುಚಲೇಬೇಕು. ಅಲ್ಲಿ ಚರ್ಮದ ಕೆಳಗೆ ಲೋಹದ ಡಬ್ಬಿ ಇದೆ. ಅವರು ಆಸ್ಪತ್ರೆ ಕಾರ್ಡ್ ತೋರಿಸಲಿಲ್ವಾ?"

"ತೋರಿಸಿದ. ಅಂಥ ಕಾರ್ಡು ಯಾರು ಬೇಕಾದ್ರೂ ಮಾಡಿಸ್ಕೋತಾರೆ. ಜೇಬು ನೋಡಿದ್ವಿ, ರೇಡಿಯೋ ಸಿಕ್ತು. ಕಂಬದ ಹತ್ರ ನಿಲ್ಲು ಅಂದ್ವಿ."

"ಅಂದ್ರೆ ರೇಡಿಯೋ ನಿಮ್ಮ ಕೈಗೆ ಬಂದ ಮೇಲೆ ಅವರು ಕಂಬಕ್ಕೆ ನಿಂತ್ರು."

"ಹೌದು."

"ಕಂಬದ ಹತ್ರಾನೇ ಬಿದ್ರು."

"ಹೌದು, ಅಲ್ಲೇ."

"ಹಾಗಾದ್ರೆ ನಿಮ್ಮ ಕೈಲಿದ್ದ ರೇಡಿಯೋ ಅವರ ಎದೆ ಯಂತ್ರವನ್ನ ಹೇಗೆ ನಿಲ್ಲಿಸ್ತು ಕ್ಯಾಪ್ಟನ್?"

ಕ್ಯಾಪ್ಟನ್ ಮೀಸೆಯ ತುದಿಯನ್ನು ಹಲ್ಲಿಗೆ ಕಚ್ಚಿದ. ಕಥೆಯ ಹೊಲಿಗೆ ಬಿಟ್ಟ ಕಡೆ ಅವನಿಗೂ ಕಂಡಿರಬೇಕು. ಅವಸರದಿಂದ ತೇಪೆ ಹಾಕತೊಡಗಿದ. ಇಲ್ಲ, ತಾನು ತಪ್ಪು ಹೇಳಿದೆ, ಜೇಬು ನೋಡಿದ್ದು ಆಮೇಲೆ, ಮುದುಕ ಬಿದ್ದ ಮೇಲೆ. ಆಗ ರೇಡಿಯೋ ಜೇಬಿನಲ್ಲೇ ಇತ್ತು. ಅದರಿಂದಲೇ ಬಿದ್ದ.

"ಹಾಡ್ತಾ ಬೇರೆ ಇತ್ತು ಮೇಡಂ. ಸಣ್ಣಗೆ. ಈ ಕಿವಿಯಲ್ಲೇ ಕೇಳಿದೀನಿ."

"ಹಾಡ್ತಾ ಇತ್ತು."

"ಜೇಬೊಳಗೇ."

ಗಡಿಯಾರದಕ್ಕ ಆ ರೇಡಿಯೋ ತೋರಿಸಿ ಎಂದಳು. ಇದನ್ನೇ ಕಾಯುತ್ತಿದ್ದವನಂತೆ ಕ್ಯಾಪ್ಟನ್ ಕಪಾಟಿನ ಬೀಗ ತೆಗೆದ. ಪಾರದರ್ಶಕ ಪ್ಲಾಸ್ಟಿಕ್ ಲಕೋಟೆ, ಬಾಯಿಗೆ ಟೇಪು, ಟೇಪಿನ ಮೇಲೆ ಅವನದೇ ರುಜು. ಮಾವ ಬಿದ್ದ ಸಂಜೆಯೇ ಎಲ್ಲರೆದುರು ಹಾಕಿ ಮುಚ್ಚಿದ್ದು, ಆಮೇಲೆ ಯಾರೂ ತೆರೆದಿಲ್ಲ, ಎಂದು ಎದೆಯುಬ್ಬಿಸಿ ಹೇಳಿದ. ಒಳಗೆ ಸಾಬೂನಿನ ಬಿಲ್ಲೆಯಷ್ಟು ದೊಡ್ಡ ಹೊಚ್ಚಹೊಸ ರೇಡಿಯೋ.

ಅವಳು ಟೇಪನ್ನು ಮುಟ್ಟಲಿಲ್ಲ. ಲಕೋಟೆಯ ಹೊರಗಿನಿಂದಲೇ ರೇಡಿಯೋದ ಬೆನ್ನಿನ ಮುಚ್ಚಳಕ್ಕೆ ಹೆಬ್ಬೆರಳು ಒತ್ತಿ ಕೆಳಕ್ಕೆ ಜಾರಿಸಿದಳು. ಮುಚ್ಚಳ ಸರಿಯಿತು. ಒಳಗೆ ಎರಡು ಖಾಲಿ ಗುಂಡಿಗಳು, ತುದಿಗೆ ಮಿರಮಿರ ಮಿನುಗುವ ಸ್ಪ್ರಿಂಗುಗಳು. ಸೆಲ್ ಇರಲಿಲ್ಲ. ಒಮ್ಮೆಯೂ ಹಾಕಿದ ಗುರುತಿರಲಿಲ್ಲ.

"ಹಾಡು ಎಲ್ಲಿಂದ ಬಂತು ಕ್ಯಾಪ್ಟನ್?"

ಅವನು ಲಕೋಟೆ ಕಿತ್ತುಕೊಂಡು ಕಣ್ಣಿಗೆ ಹತ್ತಿರ ಹಿಡಿದ. ತಿರುಗಿಸಿದ. ಮತ್ತೆ ತಿರುಗಿಸಿದ. ಆ ಮುಖವನ್ನು ಗಡಿಯಾರದಕ್ಕ ಮನಸ್ಸಿನಲ್ಲಿ ಗುರುತು ಹಾಕಿಕೊಂಡಳು. ಅಲ್ಲಿ ಸಿಕ್ಕಿಬಿದ್ದವನ ಅಂಜಿಕೆಗಿಂತ ಮೊದಲು ಬೆರಗು ಕಂಡಿತು. ರೇಡಿಯೋದೊಳಗೆ ಸೆಲ್ ಇಲ್ಲವೆಂದು ಅವನಿಗೂ ಗೊತ್ತಿರಲಿಲ್ಲ.

ಆಗ ಅವಳ ದನಿ ಏರಲಿಲ್ಲ, ಇಳಿಯಿತು.

"ಸೆಲ್ ಹಾಕಿದ್ರೂ ಇದು ಅವರನ್ನ ಕೊಲ್ತಿರಲಿಲ್ಲ. ಇದು ಎಲ್ಲೋ ಹಾಡಿದ್ದನ್ನ ಕೇಳಿಸೋ ಡಬ್ಬಿ. ಇದರ ಅಯಸ್ಕಾಂತ ಎದೆಗೆ ತಾಗಿದ್ರೂ ಯಂತ್ರದ ತಾಳ ತಪ್ಪಬಹುದು, ಏಟು ನಿಲ್ಲಲ್ಲ. ಆದರೆ ಈ ಕಂಬ ಇಡೀ ದಿನ ಸುತ್ತಲೂ ಅಲೆ ಚೆಲ್ಲುತ್ತೆ. ಇದಕ್ಕೆ ಬೆನ್ನು ಕೊಟ್ಟು ನಿಂತವರ ಎದೆ ಯಂತ್ರ ಆ ಅಲೆಯನ್ನೇ ಹೃದಯದ ಬಡಿತ ಅಂದ್ಕೊಂಡು ತನ್ನ ಏಟನ್ನ ನಿಲ್ಲಿಸಿಬಿಡಬಹುದು. ಮಾವ ತಲೆ ಸುತ್ತುತ್ತೆ ಅಂದ್ರಂತೆ. ನಾಟಕ ಆಡಬೇಡ ಅಂದ್ರಂತೆ ನೀವು. ಸಾಲಿನಲ್ಲಿದ್ದವರು ಕೇಳಿದ್ದಾರೆ."

"ಮೇಲಿನವರ ರೂಲ್ಸು. ನಾನು ಮಾಡಿದ್ದಲ್ಲ."

"ಜೇಬಿನ ದಾರ ಕತ್ತರಿಸೋದೂ ಮೇಲಿನವರ ರೂಲ್ಸಾ?"

ಕ್ಯಾಪ್ಟನ್‌ನ ಕಣ್ಣು ಒಂದು ಕ್ಷಣ ಅವಳನ್ನು ಬಿಟ್ಟು ಬಾಗಿಲ ಕಡೆಗೆ, ಕಾವಲಿನ ಹೆಂಗಸಿನ ಕಡೆಗೆ ಹಾರಿ ವಾಪಸ್ಸಾಯಿತು. ಯಾವ ದಾರವೋ ತನಗೆ ಗೊತ್ತಿಲ್ಲ ಎಂದ. ಇನ್ನು ಮಾತಾಡುವುದಿದ್ದರೆ ಕಂಪನಿಯ ವಕೀಲರ ಹತ್ತಿರ ಆಡಿ ಎಂದ. ಎಂದವನು ವಾಕಿಟಾಕಿಯನ್ನು ಬಾಯಿಗೆ ಹಿಡಿದು, ಅವಳಿಂದ ದೂರ ನಿಲ್ಲಬೇಕೆಂಬುದನ್ನೇ ಮರೆತು, ಅವಳ ಭುಜಕ್ಕೆ ತಾಗುವಷ್ಟು ಹತ್ತಿರದಿಂದ ದಾಪುಗಾಲು ಹಾಕಿ ಹೊರಟುಹೋದ.

*

ಹೊರಗೆ ಹೋಗುವ ಅತಿಥಿಗೂ ತಪಾಸಣೆ ತಪ್ಪದು. ಕಾವಲಿನ ಹೆಂಗಸು ಕೋಲು ಹಿಡಿದು ಎದುರಿಗೆ ನಿಂತಳು. ತೋಳು, ಸೊಂಟ, ಮೊಣಕಾಲು ಮುಗಿಸಿ ಎಡ ಎದೆಯ ಹತ್ತಿರ ಬಂದಾಗ ಕೋಲನ್ನು ತಾನಾಗಿ ಕೆಳಗಿಳಿಸಿದಳು. ಬರಿಗೈಯಿಂದ ಸೆರಗಿನ ಅಂಚು ಸವರಿದಂತೆ ಮಾಡಿದಳು. ಬಿಸಿಲಿನಲ್ಲೂ ಆ ಕೈ ತಣ್ಣಗಿತ್ತು, ನಡುಗುತ್ತಿತ್ತು.

ಗಡಿಯಾರದಕ್ಕನಿಗೆ ಅಂಗಿಯ ಮೇಲಿನ ಗೀರು ನೆನಪಾಯಿತು.

"ನೀನಾ?" ಎಂದಳು, ತುಟಿ ಅಲುಗಿಸದೆ.

"ಮಾವ ಬಿದ್ದ ಕೂಡ್ಲೇ ಕ್ಯಾಪ್ಟನ್ ಕೋಣೆ ಬಾಗಿಲು ಮುಚ್ಚಿ ಬ್ಲೇಡ್ ಕೊಟ್ಟ ಅಕ್ಕ. ನನಗೂ ಮನೇಲಿ ಎರಡು ಮಕ್ಕಳು." ಅವಳು ಸೊಂಟದ ಸುತ್ತ ಮತ್ತೊಮ್ಮೆ ಕೋಲು ಆಡಿಸುತ್ತ, ಕೋಲಿಗೇ ಹೇಳುವಂತೆ ಹೇಳಿದಳು. "ಆಗ ಮಾವ ಉಸಿರಾಡ್ತಾ ಇದ್ರು. ನನ್ನ ಕೈಯನ್ನೇ ನೋಡ್ತಿದ್ರು. ನೀರು ಕೊಡು ಮಗಳೇ ಅಂದ್ರು. ಮೊದಲು ಜೇಬು, ಆಮೇಲೆ ನೀರು ಅಂದ ಕ್ಯಾಪ್ಟನ್."

ಗಡಿಯಾರದಕ್ಕನ ಎದೆಯೊಳಗಿನ ಯಂತ್ರ ತನ್ನ ಕೆಲಸ ಮಾಡುತ್ತಿತ್ತು. ಅದು ಇಲ್ಲದಿದ್ದರೆ ಆ ಮಾತಿಗೆ ಅವಳ ಹೃದಯ ನಿಂತೇಬಿಡುತ್ತಿತ್ತೇನೋ. ಕುಸಿದ ಮನುಷ್ಯ ಕಾಲಬುಡದಲ್ಲಿ ಉಸಿರಿಗೆ ಒದ್ದಾಡುತ್ತಿದ್ದಾಗ ಇವರು ಅವನ ಹೆಂಡತಿ ಹಾಕಿದ ಹೊಲಿಗೆ ಬಿಚ್ಚುತ್ತಿದ್ದರು. ಆಂಬುಲೆನ್ಸನ್ನು ಕರೆದದ್ದು ಅವನನ್ನು ಕಳ್ಳನನ್ನಾಗಿ ಮಾಡಿ ಮುಗಿಸಿದ ಮೇಲೆ.

"ರೇಡಿಯೋ ಯಾರು ತಂದ್ರು?"

"ಮುಖ ನೋಡಲಿಲ್ಲ. ಬಾಗಿಲ ಸಂದಿಯಿಂದ ಒಂದು ಕೈ ಬಂತು, ಕ್ಯಾಪ್ಟನ್ ಇಸ್ಕೊಂಡ. ಬೇಗ ಹೋಗಿ ಸಾರ್, ನಿಮ್ಮ ಜನ ನೋಡಿದ್ರೆ ನಿಮ್ಮನ್ನ ಸುಮ್ನೆ ಬಿಡಲ್ಲ ಅಂದ."

"ನಿಮ್ಮ ಜನ ಅಂದನಾ?"

ಹೆಂಗಸು ಹೌದೆಂದು ತಲೆಯಾಡಿಸಿ, ಹಿಂದೆ ನಿಂತವರನ್ನು ಮುಂದೆ ಬನ್ನಿ ಎಂದು ಗಟ್ಟಿಯಾಗಿ ಕರೆದಳು.

ಗಡಿಯಾರದಕ್ಕ ಜೋಡಿ ಕಂಬಗಳ ನಡುವೆ ನಿಲ್ಲದೆ ದಾಟಿ ಬೀದಿಗೆ ಬಂದಳು. ಕ್ಯಾಪ್ಟನ್‌ನ ಜನ ಕಾವಲಿನವರು. ಕಂಪನಿಯ ಸಾಹೇಬರಿಗೆ ಜನವೆಂಬುದೇ ಇಲ್ಲ. ನಿಮ್ಮ ಜನ ಎಂದು ಯಾರಿಗೆ ಹೇಳಬಹುದು?

ಮೊಬೈಲು ಹೊಡೆದುಕೊಂಡಿತು. ಬಲಕಿವಿ.

"ಕಂಬ ನೋಡಿದ್ರಾ ಅಕ್ಕ?" ಕಾರ್ಯದರ್ಶಿಯ ದನಿ ಮೃದುವಾಗಿತ್ತು.

ಸೆಲ್ಲೂ ಇಲ್ಲದ ಆ ರೇಡಿಯೋ. ಬೆಳಿಗ್ಗೆ ಇದೇ ದನಿ ಹೇಳಿತ್ತು. ಮಾವ ಬಿದ್ದ ಸಂಜೆ ಲಕೋಟೆಯೊಳಗೆ ಹೋದ ರೇಡಿಯೋ, ಮುಚ್ಚಿದ ಕ್ಯಾಪ್ಟನ್‌ಗೇ ಗೊತ್ತಿಲ್ಲದ ವಿಷಯ. ತಂದುಕೊಟ್ಟ ಕೈಗಷ್ಟೇ ಗೊತ್ತಿರಬಹುದಾದದ್ದು.

"ನೋಡಿದೆ," ಎಂದಳು. "ಆಸ್ಪತ್ರೆಯಲ್ಲಿ ಏನಂದ್ರು?"

"ಕೊಟ್ರು. ಅಲ್ಲೇ ಓದಿಸೋದು ಬೇಡ ಅಂದೆ, ಅವರೆಲ್ಲ ಕಂಪನಿ ಕಡೆಯವರು. ನನಗೆ ಗೊತ್ತಿರೋ ಕಡೆ ಓದಿಸೋಣ. ಸ್ವಲ್ಪ ತಲೆ ಎತ್ತಿ ನೋಡಿ ಅಕ್ಕ, ಎದುರಿಗೇ ಇದೀನಿ."

ಅವಳು ತಲೆಯೆತ್ತಿದಳು. ರಸ್ತೆಯಾಚೆ ಬಸ್ ನಿಲ್ದಾಣದ ನೆರಳಿನಲ್ಲಿ ಅವನು ನಿಂತಿದ್ದ. ಮೊಬೈಲು ಕಿವಿಗೆ, ಇನ್ನೊಂದು ಕೈ ಎದೆಗೆ. ಅವಳನ್ನು ಕಂಡು ನಕ್ಕು, ಅಂಗಿಯ ಎಡಜೇಬನ್ನು ಎರಡು ಬಾರಿ ತಟ್ಟಿ ತೋರಿಸಿದ.

"ಮಾವನ ಯಂತ್ರ ಇಲ್ಲೇ ಇದೆ, ಭದ್ರವಾಗಿ," ಎಂದ. ಅಷ್ಟರಲ್ಲಿ ಅವನ ಮುಂದೆ ಬಸ್ಸೊಂದು ಬಂದು ನಿಂತಿತು. ಅದು ಹೊರಟುಹೋದಾಗ ನೆರಳಿನಲ್ಲಿ ಯಾರೂ ಇರಲಿಲ್ಲ.